ಒತ್ತಬೇಡ ಅಂದರೆ ಕೇಳುವುದಿಲ್ಲ

ಬ್ರೂಸ್‌ಪೇಟೆ, ಬಳ್ಳಾರಿ
೧೮-೨-೧೯೭೫

ಪ್ರೀತಿಯ ತಮ್ಮ ಜೋಗಪ್ಪನಿಗೆ ಅಣ್ಣ ಉಚ್ಚಂಗೆಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಸಿರುಗುಪ್ಪದಲ್ಲಿ ನೀವೆಲ್ಲ ಹೇಗಿದ್ದೀರಿ? ನಿನ್ನ ತುಟಿಯ ಬಾವು ಇಳಿಯಿತೇ? ಇಳಿದಿದ್ದರೆ ಸಂತೋಷ, ಇಳಿಯದಿದ್ದರೆ ತಪ್ಪು ನಿನ್ನದೇ. ಹೋದ ವಾರ ಬಾದನಹಟ್ಟಿಯ ಮದುವೆಯಲ್ಲಿ ನಮ್ಮ ಬ್ಯಾಂಡಿನ ಮಾನ ಹರಾಜಾಯಿತು. ಮೆರವಣಿಗೆ ಹನುಮಪ್ಪನ ಗುಡಿ ದಾಟುವ ಮೊದಲೇ ನಿನ್ನ ಟ್ರಂಪೆಟ್ ಎಮ್ಮೆಕರುವಿನ ಹಾಗೆ ಅರಚಿ ನಿಂತುಬಿಟ್ಟಿತು. ಕುದುರೆ ಮೇಲೆ ಕೂತ ಮದುಮಗನೇ ನಕ್ಕ. ಆಮೇಲೆ ನಿನ್ನ ಪಾಲಿನದನ್ನೂ ನಾನೇ ಊದಿ ಮೆರವಣಿಗೆಯನ್ನು ಬೀಗರ ಮನೆ ಮುಟ್ಟಿಸಬೇಕಾಯಿತು.

ಈಗ ಕೇಳು. ಬರುವ ಹುಣ್ಣಿಮೆಯ ಮರುದಿನ ಕುರುಗೋಡಿನ ಮರಿಬಸಪ್ಪನವರ ಮಗಳ ಮದುವೆ. ಅಲ್ಲಿ ಮುಂದೆ ನಿಂತು ಟ್ರಂಪೆಟ್ ಊದುವವನು ನೀನೇ. ಪ್ರೀತಿಗೆ ನನ್ನ ಜಾಗ ಬಿಟ್ಟುಕೊಟ್ಟೆ ಅಂತ ಉಬ್ಬಬೇಡ. ಬ್ಯಾಂಡ್ ಮಾಸ್ತರನಾದ ನಾನು ಕೋಲು ಹಿಡಿದು ನಡೆದರೇ ಚೆಂದ ಅಂತ ನನಗೀಗ ಅನ್ನಿಸಿದೆ, ಅಷ್ಟೇ. ಆ ಮನೆಯಲ್ಲಿ ಹೆಸರು ಬಂದರೆ ಬೇಸಿಗೆಯ ಮದುವೆಗಳೆಲ್ಲ ನಮ್ಮವು. ಕೆಟ್ಟರೆ ನಮ್ಮನ್ನು ಕರೆಯುವವರೇ ಇಲ್ಲ.

ಎಷ್ಟು ಸಲ ಹೇಳಲಿ, ಒತ್ತಬೇಡ! ಊದುವ ತುದಿಯನ್ನು ತುಟಿಗೆ ಇಡಬೇಕೇ ಹೊರತು ಮೊಳೆ ಹೊಡೆದ ಹಾಗೆ ಒತ್ತಬಾರದು. ಮೇಲಿನ ಸ್ವರ ಹತ್ತದಿದ್ದರೆ ತೋಳಿನ ಬಲ ತೋರಿಸುತ್ತೀಯಲ್ಲ, ಆ ಸ್ವರ ಬರುವುದು ಉಸಿರಿನಿಂದ ಕಣಪ್ಪ. ಗಲ್ಲ ಉಬ್ಬಿಸಬೇಡ, ಹೊಟ್ಟೆಯ ತಳದಿಂದ ಉಸಿರು ತೆಗೆದುಕೋ. ಆದರೆ ಹೊಟ್ಟೆ ಬಿರಿಯ ಹೋಳಿಗೆ ತಿಂದವನಿಗೆ ಉಸಿರಿಡಲು ಜಾಗವೆಲ್ಲಿ? ಬೀಗರು "ಇನ್ನೊಂದು ಹಾಕಿಸ್ಕೊಳ್ರಿ" ಅಂದರೆ ಎಲೆಗೆ ಕೈ ಅಡ್ಡ ಹಿಡಿಯುವುದನ್ನು ಕಲಿ. ಅದರ ಮೇಲೆ ಸುಣ್ಣ ಬಳಿದ ಎಲೆ ಅಡಿಕೆ ಬೇರೆ! ತುಟಿ ಸುಟ್ಟುಕೊಂಡು ಏನು ಊದುತ್ತೀ? ಮೆರವಣಿಗೆ ಮುಗಿದ ಮೇಲೆ ಬೇಕಾದಷ್ಟು ಜಗಿ, ಯಾರು ಬೇಡ ಅಂದರು? ದಿನಾ ಮುಂಜಾನೆ ಅಕ್ಕಿ ಗಿರಣಿಗೆ ಹೋಗುವ ಮೊದಲು ಒಂದೇ ಸ್ವರ ಹಿಡಿದು ಮೆಲ್ಲಗೆ, ಉದ್ದಕ್ಕೆ ಊದು. ನಡುಗದೆ ನಿಲ್ಲುವ ತನಕ ಸಿನಿಮಾ ಹಾಡಿನ ತಂಟೆಗೆ ಹೋಗಬೇಡ. ಊದಿದಷ್ಟೇ ಹೊತ್ತು ತುಟಿಗೆ ಬಿಡುವು ಕೊಡು. ಮತ್ತೆ ಆ ಶೇಂಗಾ ಎಣ್ಣೆ! ಟ್ರಂಪೆಟ್ಟಿನ ಗುಂಡಿಗಳಿಗೆ ಶೇಂಗಾ ಎಣ್ಣೆ ಬಿಟ್ಟ ಮಹಾರಾಯನನ್ನು ನಾನು ಎಲ್ಲೂ ಕಂಡಿಲ್ಲ. ಅದೇನು ಮಿರ್ಚಿ ಕರಿಯುವ ಬಾಣಲೆಯೇ? ಒತ್ತಿದ ಗುಂಡಿ ಜಿಗುಟಿಗೆ ಮೇಲೇಳಲೇ ಇಲ್ಲ. ಬಿಸಿನೀರಲ್ಲಿ ತೊಳೆದು, ಹೊಲಿಗೆ ಮಷಿನ್ನಿನ ತೆಳು ಎಣ್ಣೆ ಒಂದೆರಡು ಹನಿ ಬಿಡು.

ಬೈದೆ ಅಂತ ಮುನಿಸಿಕೊಳ್ಳಬೇಡ. ನಿನ್ನ ಕಿವಿ ಚೊಕ್ಕ, ಎದೆಯಲ್ಲಿ ದಮ್ಮಿದೆ, ಮಾತು ಕೇಳುವ ಬುದ್ಧಿ ಒಂದೇ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಹೊಟ್ಟೆ ಸರಿಯಿಲ್ಲದ್ದಕ್ಕೆ ನಾನು ರೊಟ್ಟಿ ಬಿಟ್ಟು ಅನ್ನ ಉಣ್ಣುತ್ತಿದ್ದೇನೆ. ಅದರ ಚಿಂತೆ ನಿನಗೆ ಬೇಡ, ಅಭ್ಯಾಸ ನೋಡಿಕೋ. ಮನೆಯವರನ್ನೆಲ್ಲ ಕೇಳಿದೆನೆಂದು ಹೇಳು. ದೇವರು ನಿನ್ನ ಉಸಿರು ಕಾಯಲಿ.

ಇಂತಿ ನಿನ್ನ ಅಣ್ಣ,
ಉಚ್ಚಂಗೆಪ್ಪ

ತಾ.ಕ.: ಜೋಗಪ್ಪ, ನಾ ನಿಮ್ಮ ಅತ್ತಿಗಿ ಎರ್ರಮ್ಮ. ಅಂಟು ಹಚ್ಚಿ ಟಪಾಲು ಡಬ್ಬಿಗಿ ಹಾಕು ಅಂತ ಈ ಕಾಗದ ನನ್ನ ಕೈಯಾಗ ಕೊಟ್ಟಾರ, ಅವಸರದಾಗ ಬರಿಯಾಕತ್ತೀನಿ. ಅವರ ಹೊಟ್ಟಿಗಿ ಏನೂ ಆಗಿಲ್ಲ. ಮುಂದಿನ ಎರಡು ಹಲ್ಲು ಬಿದ್ದಾವ. ಮೊದಲಽ ಅಳ್ಳಾಡ್ತಿದ್ದವು, ಅವತ್ತು ನಿನ್ನ ಪಾಲಿಂದೂ ಸೇರಿಸಿ ಊದಿ ಬಂದ್ರಲ್ಲ, ಮರುದಿನ ಕಳಚಿದವು. ಈಗ ಊದಿದ್ರ ಬರೇ ಗಾಳಿ ಬರ್ತೈತಿ. ದಿನಾ ಮುಂಜಾನಿ ಟ್ರಂಪೆಟ್ ಒರೆಸಿ ಇಟ್ಟುಬಿಡ್ತಾರ. ನಿನಗ ಹೇಳಬ್ಯಾಡ ಅಂದಾರ. ಬಂದಾಗ ಅವರ ಬಾಯಿ ಕಡೆ ನೋಡಬ್ಯಾಡಪ್ಪ, ಬೈದ್ರ ಬೈಸ್ಕೊ. ಬರುವಾಗ ನಿಮ್ಮ ಗಿರಣಿ ನುಚ್ಚು ಒಂದಿಷ್ಟು ತಗೊಂಡು ಬಾ, ಗಂಜಿ ಮಾಡಿ ಕೊಡ್ತೀನಿ.