ಹಿಲ್ಡಾ ಆಂಟಿಯ ಅಮ್ಮನ ಆಟೋಗ್ರಾಫ್

ಪ್ರೀತಿಯ ಹಿಲ್ಡಾ ಆಂಟಿ,

ಆಂಟಿ ಎಂದೊಡನೆ ನಿಮ್ಮ ಹುಬ್ಬು ಗಂಟಿಕ್ಕುತ್ತದೆ, ಗೊತ್ತು. ಎಪ್ಪಿಂಗ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೊದಲ ಸಲ ಸಿಕ್ಕಾಗಲೇ ಹೇಳಿದ್ದಿರಿ: ನಾವು ಕ್ರೈಸ್ತರಲ್ಲಿ ಕ್ವೇಕರ್ ಪಂಥದವರು, ನಮ್ಮಲ್ಲಿ ಮಿಸೆಸ್ಸೂ ಇಲ್ಲ ಮೇಡಮ್ಮೂ ಇಲ್ಲ, ಬರೀ ಹಿಲ್ಡಾ ಅನ್ನು. ಅಮ್ಮನಿಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯಲು ಧಾರವಾಡದವಳ ನಾಲಿಗೆ ಹೊರಳಬೇಕಲ್ಲ? ಕೊನೆಗೆ ನೀವೇ ಸೋತಿರಿ.

ನಿಮ್ಮಮ್ಮನ ಆಟೋಗ್ರಾಫ್ ಪುಸ್ತಕ ತೋರಿಸಿದ ಭಾನುವಾರ ನೆನಪಿದೆಯೇ? ಎರಡನೇ ಮಹಾಯುದ್ಧದ ಹೊತ್ತಿಗೆ, ಯುದ್ಧವೇ ಬೇಡವೆಂದ ನಿಮ್ಮಮ್ಮನಂಥ ಕ್ವೇಕರ್ ಹೆಂಗಸರು ಮೆಲ್ಬರ್ನಿನ ಹೊರಗೆ ಒಂದು ದೊಡ್ಡ ಮನೆ ಹಿಡಿದು, ಯುರೋಪಿನಿಂದ ಓಡಿಬಂದವರನ್ನು ಜೊತೆಗಿಟ್ಟುಕೊಂಡಿದ್ದರು. ಅಡುಗೆ, ಬಟ್ಟೆ ಒಗೆತ ಎಲ್ಲ ಒಟ್ಟಿಗೆ. ಮನೆ ಬಿಟ್ಟು ಹೊರಡುವವರು ನಿಮ್ಮಮ್ಮನ ಪುಸ್ತಕದಲ್ಲಿ ಒಂದು ಪುಟ ಬರೆದು ಹೋಗಬೇಕು. ಜರ್ಮನ್, ಪೋಲಿಷ್, ಒಂದು ಪುಟದಲ್ಲಿ ಬರೀ ಕೆಟಲಿನ ಚಿತ್ರ. "ಅಮ್ಮನಿಗೆ ಇದೆಲ್ಲ ಓದಲು ಬರುತ್ತಿತ್ತಾ?" ಎಂದೆ. "ಒಂದಕ್ಷರವೂ ಇಲ್ಲ. ಆದರೂ ಯಾರಿಗೂ ಇಂಗ್ಲಿಷಿನಲ್ಲಿ ಬರಿ ಅನ್ನಲಿಲ್ಲ" ಎಂದಿರಿ. ನನ್ನ ಕಾಲೇಜಿನ ಆಟೋಗ್ರಾಫಿನಲ್ಲಿ ಎಲ್ಲರೂ ಮುತ್ತಿನಂಥ ಅಕ್ಷರದಲ್ಲಿ 'ಮರೆಯದಿರು ಗೆಳತಿ' ಎಂದು ಬರೆದಿದ್ದಾರೆ, ಅರ್ಧ ಜನರ ಮುಖವೇ ನೆನಪಿಲ್ಲ ಎಂದಾಗ ನೀವು ಕೆಮ್ಮು ಬರುವಷ್ಟು ನಕ್ಕಿರಿ.

ಕಾಲು ಸೋತ ಮೇಲೆ ನಿಮ್ಮ ಅಣ್ಣನ ಮಗಳು ರೂತ್ ನಿಮ್ಮನ್ನು ಮೆಲ್ಬರ್ನಿಗೆ ಕರೆದೊಯ್ದಳು. ನಿಮ್ಮ ಯೂನಿಟ್‌ಗೆ ನನ್ನ ಪಕ್ಕದ ಮನೆಗೆ, ಬೇರೆಯವರು ರೆಂಟ್‌ಗೆ ಬಂದರು. ಆಮೇಲೂ ಆಫೀಸಿನಿಂದ ಬಂದವಳು ಅಭ್ಯಾಸಬಲದಿಂದ ನಿಮ್ಮ ಬಾಗಿಲ ಮುಂದೆ ನಿಂತು... ಇರಲಿ ಬಿಡಿ.

ನೀವು ಹೋದಿರೆಂದು ರೂತ್ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಪಕ್ಕದ ಸೀಟಿನ ಬೆಂಗಳೂರಿನ ಹುಡುಗಿ, "ಅಯ್ಯೋ, ಸಾರಿ! ಆದ್ರೆ ಫ್ಯಾಮಿಲಿ ಅಲ್ವಲ್ಲ, ಸಾವಿನ ರಜೆ ಕೊಡಲ್ಲ, ಆನ್ಯುಯಲ್ ಲೀವ್ ಅಪ್ಲೈ ಮಾಡ್ಬಿಡಿ" ಎಂದಳು. ಊರಿನಿಂದ ಅಕ್ಕ ಫೋನಿನಲ್ಲಿ, "ಅಲ್ಲವಾ, ಬಾಜೂ ಮನಿ ಮುದುಕಿ ಹೋದ್ಲಂತ ಇಷ್ಟ್ಯಾಕ ಅಳಾಕತ್ತಿ?" ಎಂದಳು. ನಮ್ಮ ಕಡೆ ಸಾವಿನ ಮನೆಗೆ ಹೋಗುವುದಕ್ಕೆ ಮಾತನಾಡಿಸಿಕೊಂಡು ಬರುವುದು ಎನ್ನುತ್ತೇವೆ. ಕಳೆದುಕೊಂಡವರ ಎದುರು ಕೂತು ಅವರನ್ನು ಮಾತಿಗೆಳೆಯಬೇಕು, ಅಳಲು ಬಿಡಬೇಕು. ನನ್ನನ್ನು ಮಾತನಾಡಿಸಲು ಯಾರು ಬರುತ್ತಾರೆ? ನನ್ನದು ಸಾವಿನ ಮನೆಯೇ ಅಲ್ಲವಲ್ಲ! ಆ ವಾರದಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ, ಆಂಟಿ.

ಲೀವ್ ಹಾಕಿ ಮೆಲ್ಬರ್ನಿಗೆ ಹೋದೆ. ನಿಮ್ಮ ಪಂಥದ ಪ್ರಾರ್ಥನೆಯ ಹಾಲ್‌ನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ನಿಮ್ಮವರೆಲ್ಲ ತುಟಿಪಿಟಕ್ಕೆನ್ನದೆ ಕೂತಿದ್ದರು. ಫಾದರ್ ಬರುವುದು ತಡವಾಗಿದೆ ಎಂದುಕೊಂಡು ಕಾದೆ, ಕಾದೆ. ಕೊನೆಗೆ ರೂತ್‌ಳ ಕಿವಿಯಲ್ಲಿ, "ಫಾದರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರಾ?" ಎಂದೆ. ಅವಳು ನಗು ತಡೆದುಕೊಂಡು, "ನಮ್ಮಲ್ಲಿ ಫಾದರೇ ಇಲ್ಲ. ಹೇಳಬೇಕೆನಿಸಿದವರು ಎದ್ದು ಹೇಳುತ್ತಾರೆ. ಇಲ್ಲದಿದ್ದರೆ ಹೀಗೇ ಕೂತಿರುತ್ತೇವೆ" ಎಂದಳು. ಇಷ್ಟು ವರ್ಷ ನಿಮ್ಮ ಜೊತೆ ಚಹಾ ಕುಡಿದೂ ನನಗೆ ಇದೊಂದು ಗೊತ್ತಿರಲಿಲ್ಲ ನೋಡಿ.

ಎದ್ದು ನಿಂತೆ. ಇಂಗ್ಲಿಷಿಗೆಂದು ಬಾಯಿ ತೆರೆದರೆ ಕನ್ನಡ ಬಂತು. "ಆಂಟೀ, ನೀವಿಲ್ಲದ ಮ್ಯಾಲ ಮನಿಗೆ ಬರಾಕ ಮನಸ್ಸ ಆಗವಲ್ದು..." ಮುಂದೆ ಆಗಲಿಲ್ಲ, ಕೂತುಬಿಟ್ಟೆ. ಯಾರೂ ತಿರುಗಿ ನೋಡಲಿಲ್ಲ, ಯಾರೂ ಕೆಮ್ಮಲಿಲ್ಲ. ಆಮೇಲೆ ಚಹಾದ ಹೊತ್ತಿಗೆ ಗುರುತಿಲ್ಲದ ಅಜ್ಜಿಯೊಬ್ಬರು ಬಂದು ನನ್ನ ಕೈ ಹಿಡಿದು, "ನಿನ್ನ ಗೆಳತಿ ಹೋದಳಲ್ಲ. ಬಾ, ಕೂತುಕೋ. ಅವಳ ಬಗ್ಗೆ ನನಗೆ ಹೇಳು" ಎಂದರು. ಅತ್ತುಬಿಟ್ಟೆ, ಆಂಟಿ. ನಿಮ್ಮವರ ಆ ಶಾಂತವಾದ ಹಾಲ್‌ನಲ್ಲಿ ನಮ್ಮೂರಿನ ಹಾಗೆ ದನಿ ತೆಗೆದು ಅತ್ತೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಹೊರಡುವಾಗ ರೂತ್ ಆ ಪುಸ್ತಕ ತಂದು ನನಗೂ ಒಂದು ಪುಟ ಕೊಟ್ಟಳು. ಕನ್ನಡದಲ್ಲೇ ಬರೆದೆ. ಯಾರೂ ಓದಲಾರರೆಂಬ ಧೈರ್ಯಕ್ಕೆ ನೀವು ಚಹಾದ ಜೊತೆ ಕೊಡುತ್ತಿದ್ದ ಕಲ್ಲಿನಂಥ ಬಿಸ್ಕತ್ತಿನ ವಿಷಯವನ್ನೂ ಬರೆದೆ. ಕೊನೆಯಲ್ಲಿ ಹೆಸರು, ಊರು ಹಾಕು ಎಂದಳು. ಈ ದೇಶದಲ್ಲಿ ಯಾರೇ ಊರು ಕೇಳಿದರೂ ಧಾರವಾಡ ಎನ್ನುವವಳು ನಾನು. ಇಲ್ಲೇ ಖಾಯಂ ಇರಲು ಪಿಆರ್ ಸಿಕ್ಕಿದ ದಿನವೂ ಹಾಗೇ ಹೇಳಿದ್ದೆ. ಆ ಪುಟದಲ್ಲಿ ಮಾತ್ರ ಒಂದು ಕ್ಷಣವೂ ಯೋಚಿಸಲಿಲ್ಲ. ಎಪ್ಪಿಂಗ್ ಎಂದು ಬರೆದೆ.