ಅಣ್ಣನ ಪಿಯುಸಿ ಫೋಟೋ

ಹಾಸನ, ಗುರುವಾರ

ಅತ್ತಿಗೆ,

ಚೆನ್ನಾಗಿದ್ದೀರಾ? ನಮ್ಮಂಥ ಟ್ರಾನ್ಸ್‌ಜೆಂಡರ್‌ಗಳ ಬದುಕನ್ನು ಫೋಟೋಗಳಲ್ಲಿ ಕಾಪಿಡುತ್ತೇವೆಂದು ಒಂದು ಸಂಸ್ಥೆಯವರು ನನ್ನನ್ನು ಇಲ್ಲಿಗೆ ಕರೆಸಿ ಲಾಡ್ಜಿನಲ್ಲಿಟ್ಟಿದ್ದಾರೆ. ಹಾಸನ ಎಂದರೆ ನನಗೆ ಇದುವರೆಗೆ ರಾಮನಾಥಪುರದ ಬಸ್ ನಿಲ್ಲುವ ಜಾಗ ಮಾತ್ರ. ಈಗ ನೋಡಿ, ಅವರ ಪ್ರದರ್ಶನದ ಏಸಿ ಹಾಲ್‌ನ ಗೋಡೆ ಮೇಲಿದ್ದೇನೆ.

ಒಬ್ಬೊಬ್ಬರದೂ ಎರಡು ಫೋಟೋ ಬೇಕಂತೆ, "ಆಗ" ಒಂದು, "ಈಗ" ಒಂದು. ನನ್ನ ಹಳೆಯವನ್ನೆಲ್ಲ ಅಣ್ಣ ಹಂಡೆ ಒಲೆಗೆ ಹಾಕಿದ್ದು ನಿಮಗೇ ಗೊತ್ತು. ಇಲ್ಲ ಎಂದರೆ ಸಂಸ್ಥೆಯ ಮೇಡಂ ಕೇಳಲಿಲ್ಲ. ಮನೆ ಬಿಟ್ಟ ದಿನದಿಂದ ನನ್ನ ಪರ್ಸಿನಲ್ಲಿರುವ ಅಣ್ಣನ ಪಿಯುಸಿ ಫೋಟೋ ಕೊಟ್ಟುಬಿಟ್ಟೆ. ಈಗ ಬಾಗಿಲಷ್ಟು ದೊಡ್ಡದಾಗಿ, ದೀಪ ಹಾಕಿಸಿಕೊಂಡು ನಿಂತಿದ್ದಾನೆ. ಕೆಳಗೆ ನನ್ನ ಹೆಸರು.

"ಈ ಕಣ್ಣುಗಳನ್ನ ನೋಡಿ, ಒಳಗಿರೋ ಹೆಣ್ಣು ಕೂಗ್ತಿದಾಳೆ" ಎಂದು ಮೇಡಂ ಬಂದವರಿಗೆಲ್ಲ ವಿವರಿಸುತ್ತಾರೆ. ದುದ್ದದಿಂದ ಬಂದಿದ್ದ ಅಜ್ಜಿಯೊಬ್ಬರಂತೂ ಫೋಟೋದ ಚಿಗುರು ಮೀಸೆ ತೋರಿಸಿ, "ಅಯ್ಯೋ ನನ್ನವ್ವ, ಇದ್ನ ಒತ್ಕಂಡು ಎಂಗ್ ತಡ್ಕಂಡಿದ್ಯೇ?" ಎಂದು ನನ್ನ ಕೈ ಹಿಡಿದು ಅತ್ತೇಬಿಟ್ಟರು. ಆ ಫೋಟೋವನ್ನು ನೂರು ವರ್ಷ ಕೆಡದ ಹಾಗೆ ಇಡುತ್ತಾರಂತೆ.

ಏಸಿಗೆ ನೆಗಡಿಯಾಗಿದೆ, ಇನ್ನೇನಿಲ್ಲ. ಮೂಗು ಒರೆಸಿಕೊಂಡರೆ ಅಳುತ್ತಿದ್ದೇನೆಂದು ಫೋಟೋ ತೆಗೆಯುತ್ತಾರೆ.

ಈ ಅಂಚೆ ಕಾರ್ಡನ್ನು ಮೊದಲು ಓದುವವನು ಅಣ್ಣನೇ ಎಂದು ಗೊತ್ತು. ಅಣ್ಣಾ, ಪ್ರದರ್ಶನ ಭಾನುವಾರದವರೆಗೆ ಇದೆ. ನನ್ನದೊಂದಾದರೂ ಫೋಟೋ ಒಲೆಗೆ ಹಾಕದೆ ಉಳಿಸಿಕೊಂಡಿದ್ದರೆ ತಂದುಕೊಡು, ನಿನ್ನದನ್ನು ಬಿಡಿಸಿಕೊಂಡು ಹೋಗು.

ನಿನ್ನ ತಂಗಿ,
ಮಾನಸಾ