ಏನಿಲ್ಲ, ಸುಮ್ನೆ

ದೀಪಾಂಜಲಿ ನಗರ
೯ ನವೆಂಬರ್ ೨೦೨೫, ಭಾನುವಾರ

ಅಕ್ಕ,

ನಾನು ಕ್ಷೇಮ. ನಿನ್ನ ಮಂಡಿ ನೋವು ಹೇಗಿದೆ ಎಂದು ಕೇಳುವುದು ಪದ್ಧತಿ, ಕೇಳಿದ್ದೇನೆ.

ನಾನು ತಮ್ಮನ ಮನೆ ಬಿಟ್ಟು ಬಂದ ಈ ಇಪ್ಪತ್ತು ದಿನಗಳಲ್ಲಿ ನೀನು ಕಳಿಸಿದ ಸಂದೇಶಗಳಿಗೆಲ್ಲ ಇದೊಂದೇ ಉತ್ತರ. ಫೋನಿನಲ್ಲಿ ಬರೆದರೆ ತಮ್ಮ ಮೋಹನನಿಗೂ ಅವನ ಹೆಂಡತಿಗೂ ಕಳಿಸಿ, ನೋಡಿ ಹೇಗೆ ಬರೆದಿದ್ದಾಳೆ ಎನ್ನುತ್ತೀಯ. ಕಾಗದವನ್ನಾದರೂ ಒಬ್ಬಳೇ ಓದು.

ಮುಂದಿನ ತಿಂಗಳು ಮಂಡಿ ಆಪರೇಷನ್, ಮೂರು ತಿಂಗಳು ಬಸವೇಶ್ವರನಗರಕ್ಕೆ ಬಂದಿರು, ಅಮ್ಮನನ್ನು ನೋಡಿಕೊಂಡವಳಿಗೆ ಇದೇನು ಮಹಾ ಎಂದು ಬರೆದಿದ್ದೀಯ. ಕಿವಿ ಕೇಳದವಳು ಒಬ್ಬಳೇ ಹೇಗಿರುತ್ತೀಯ, ಗ್ಯಾಸ್ ಸೋರಿದರೆ, ಕಳ್ಳ ಬಂದರೆ ಎಂದೂ ಬರೆದಿದ್ದೀಯ. ಎರಡೂ ಒಂದೇ ಸಂದೇಶದಲ್ಲಿವೆ.

ಹೇಗಿದ್ದೇನೆ ಹೇಳುತ್ತೇನೆ. ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ. ಸದ್ದುಗಳನ್ನು ಗುರುತಿಸುವ ಆ್ಯಪ್ ಫೋನಿನಲ್ಲಿದೆ. ಬಾಗಿಲಿನ ಬೆಲ್ ಆದರೆ ಫೋನು ಮಿನುಗುತ್ತದೆ, ಕುಕ್ಕರ್ ಕೂಗಿದರೆ ಸೊಂಟಕ್ಕೆ ಸಿಕ್ಕಿಸಿಕೊಂಡಲ್ಲೇ ನಡುಗುತ್ತದೆ. ಮೆಟ್ರೊ ಹೋದಾಗಲೆಲ್ಲ ನೀರು ಹರಿಯುತ್ತಿದೆ ಎಂದು ತೋರಿಸುತ್ತದೆ. ಮೊದಲೆರಡು ದಿನ ಎದ್ದೆದ್ದು ಹೋಗಿ ನಲ್ಲಿ ನೋಡಿ ಬಂದೆ. ಈಗ ಅದರ ತಪ್ಪುಗಳೆಲ್ಲ ಪರಿಚಯವಾಗಿವೆ. ಅದು ತಪ್ಪು ಹೇಳುತ್ತದೆ, ಬೇಕೆಂದು ಹೇಳುವುದಿಲ್ಲ.

ಒಂಬತ್ತನೇ ವಯಸ್ಸಿನ ಜ್ವರದಲ್ಲಿ ಕಿವಿ ಹೋದ ಮೇಲೆ ಲೋಕ ನನಗೆ ಮುಟ್ಟಿದ್ದು ನಿನ್ನ ಮೂಲಕ. ತುಟಿ ಓದುವುದನ್ನು ಕಲಿತೆ ನಿಜ, ಆದರೆ ಹತ್ತು ಜನ ಕೂತಲ್ಲಿ ಹತ್ತು ತುಟಿ ಓದಲಾಗದು. ಎಲ್ಲರೂ ನಕ್ಕಾಗ ನಿನ್ನ ತೋಳು ಹಿಡಿದು ಏನು ಎಂದು ಕೇಳುತ್ತಿದ್ದೆ. 'ಏನಿಲ್ಲ, ಸುಮ್ನೆ' ಎನ್ನುತ್ತಿದ್ದವಳು ನೀನು. ಮುಖ್ಯವಾದದ್ದಿದ್ದರೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಡುತ್ತಿದ್ದವಳೂ ನೀನೇ. ಕನ್ನಡ ಎಂ.ಎ. ಮಾಡಿ, ರಾಜಾಜಿನಗರದ ಪ್ರೆಸ್ಸಿನಿಂದ ಕರಡು ಮನೆಗೇ ತರಿಸಿಕೊಂಡು ಇಪ್ಪತ್ತು ವರ್ಷ ತಿದ್ದಿದ್ದೇನೆ. ಅಚ್ಚಾಗುವ ಪ್ರತಿ ಅಕ್ಷರವನ್ನೂ ಅನುಮಾನಿಸುವುದು ನನ್ನ ಕಸುಬು. ನಿನ್ನ ಚೀಟಿಗಳನ್ನು ಮಾತ್ರ ಒಮ್ಮೆಯೂ ತಿದ್ದಲಿಲ್ಲ.

ಪದ್ಯ ಓದುವಾಗ, ಕಿವಿಯಿದ್ದ ಆ ಒಂಬತ್ತು ವರ್ಷದಲ್ಲಿ ಕೇಳಿದ ದನಿಗಳಲ್ಲೇ ಓದಿಕೊಳ್ಳುತ್ತೇನೆ. ಹೆಚ್ಚಾಗಿ ನಿನ್ನ ದನಿ. ಮನೆ ಬದಲಿಸಿದೆ, ಅದನ್ನು ಬದಲಿಸಲು ಆಗುತ್ತಿಲ್ಲ.

ಮಾತನ್ನು ಅಕ್ಷರ ಮಾಡಿ ತೋರಿಸುವ ಇನ್ನೊಂದು ಆ್ಯಪನ್ನು ಹಾಕಿಸಿಕೊಟ್ಟದ್ದು ನೀನು. ಇನ್ನು ಡಾಕ್ಟರ ಹತ್ತಿರ ಒಬ್ಬಳೇ ಹೋಗಬಹುದು, ಪ್ರತಿ ಸಲ ನನ್ನನ್ನು ಎಳೆಯಬೇಕಿಲ್ಲ ಎಂದಿದ್ದೆ. ಡಾಕ್ಟರ ಮುಂದೆ ಕೆಲಸ ಮಾಡುವುದು ನಮ್ಮ ಹಜಾರದಲ್ಲೂ ಮಾಡುತ್ತದೆ ಎಂದು ನಿನಗೆ ಹೊಳೆಯಲಿಲ್ಲ. ನನಗೂ ಹೊಳೆದದ್ದು ಅಮ್ಮನ ಎರಡನೇ ವರ್ಷದ ತಿಥಿಯ ದಿನವೇ.

ಊಟ ಮುಗಿದು ಮೋಹನನ ಮನೆಯ ಹಜಾರದಲ್ಲಿ ನೀವೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಿರಿ. ನಾನು ಫೋನನ್ನು ತಟ್ಟೆಗೆ ಒರಗಿಸಿ ಕೂತಿದ್ದೆ. ವಡೆ ಗಟ್ಟಿಯಾದದ್ದು, ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದ್ದು, ಎಲ್ಲವೂ ಸಾಲಾಗಿ ಮೇಲೇರುತ್ತಿತ್ತು. ಮೂವತ್ತೊಂಬತ್ತು ವರ್ಷ ನಾನು ಕಳೆದುಕೊಂಡದ್ದು ಇಷ್ಟೇ ಏನು ಎಂದು ನಗು ಬಂತು. ಆಗ ಕೆಂಚಪ್ಪ ಮಾವ ನನ್ನನ್ನು ನೋಡಿ, ಈ ಮಗೀಗೆ ಒಂದು ಸಂಬಂಧವೂ ಬರಲಿಲ್ಲವೇ ಎಂದು ನಿನ್ನನ್ನು ಕೇಳಿದರು. ನೀನು ಹೇಳಿದ್ದು ಬಂತು:

'ಕೆಂಗೇರಿ ಡ್ರಾಯಿಂಗ್ ಮೇಷ್ಟ್ರು ಒಪ್ಪಿದ್ರು ಮಾವ. ಎರಡ್ ಸಲ ಬಂದ್ರು. ಇವಳು ಹೋದ್ರೆ ಅಮ್ಮನ್ನ ಯಾರ್ ನೋಡ್ಕೊಳೋದು? ಅವರಿಗೇ ಇಷ್ಟ ಇಲ್ವಂತೆ ಅಂತ ಬರ್ಕೊಟ್ಟೆ. ನಂಬಿದ್ಲು, ಪಾಪ.'

ಯಾರು ಹೇಳಿದರೆಂದು ಆ್ಯಪ್ ತೋರಿಸುವುದಿಲ್ಲ. ಅದಕ್ಕೆ ತುಟಿ ನೋಡಿದೆ. ನಿನ್ನವೇ. ಎಲೆಯ ರಸಕ್ಕೆ ಕೆಂಪಾಗಿದ್ದವು.

ಏನು ಮಾತು ಎಂದು ಕೇಳಿದೆ. ನೀನು ನನ್ನ ಕಡೆ ತಿರುಗಿ, ಎಂದಿನಂತೆ ಬಾಯಿ ಅಗಲ ಮಾಡಿ ಹೇಳಿದೆ. ಪರದೆಯ ಮೇಲೆ, ಆ ಸಾಲುಗಳ ಕೆಳಗೇ, ಅದೂ ಬಂತು: 'ಏನಿಲ್ಲ, ಸುಮ್ನೆ.'

ಮೇಷ್ಟ್ರು ಎರಡನೇ ಸಲ ಬಂದದ್ದು ನನಗೆ ನೆನಪಿದೆ. ನನಗಾಗ ಇಪ್ಪತ್ತಾರು, ಅಮ್ಮನಿಗೆ ಲಕ್ವ ಹೊಡೆದು ನಾಲ್ಕು ತಿಂಗಳು. ಅವರು ಗೇಟಿನಲ್ಲಿ ನಿನ್ನೊಡನೆ ಮಾತಾಡುತ್ತಿದ್ದರು, ನಾನು ಕಿಟಕಿಯಲ್ಲಿದ್ದೆ. ತಮ್ಮ ಫೋಟೊ ವಾಪಸ್ ಒಯ್ಯಲು ಬಂದಿದ್ದರಂತೆ. ಹಾಗೆಂದು ಬರೆದುಕೊಟ್ಟೆಯಲ್ಲ. ಮುಂದಿನ ಇಪ್ಪತ್ತು ವರ್ಷ ಅಮ್ಮನನ್ನು ಎತ್ತಿ ಕೂರಿಸಿದೆ, ತೊಳೆದೆ, ಮಗ್ಗುಲು ಬದಲಿಸಿದೆ. ಬೇಸರದಿಂದ ಮಾಡಲಿಲ್ಲ. ನೀನು ಕೇಳಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಕೇಳಬೇಕಿತ್ತು, ಅಕ್ಕ.

ಅಮ್ಮನಿಗೆ ಗೊತ್ತಿತ್ತೇ? ಉತ್ತರ ಬರೆಯಬೇಡ. ನಿನ್ನ ಅಕ್ಷರವನ್ನು ಇನ್ನು ಯಾವ ಕಣ್ಣಿನಿಂದ ಓದಲಿ?

ಆಪರೇಷನ್ನಿಗೆ ನಾನು ಬರುವುದಿಲ್ಲ. ಮನೆಗೆ ನರ್ಸ್ ಗೊತ್ತುಮಾಡಿಕೊಡುವ ಆ್ಯಪುಗಳೂ ಇವೆ. ನೀನು ನನಗೆ ಹಾಕಿಸಿಕೊಟ್ಟ ಹಾಗೆ ನಿನಗೂ ಯಾರಾದರೂ ಹಾಕಿಸಿಕೊಡಲಿ.

ಮಂಡಿ ಬೇಗ ಗುಣವಾಗಲಿ. ಇದು ಪದ್ಧತಿಗಾಗಿ ಬರೆದದ್ದಲ್ಲ.

ನಿನ್ನ ತಂಗಿ,
ರಾಗಿಣಿ

ಮರೆತಿದ್ದೆ: ಆ ದಿನದ ಚೀಟಿ ಇದರೊಂದಿಗಿದೆ. 'ಅವರಿಗೆ ಇಷ್ಟವಿಲ್ಲವಂತೆ. ಫೋಟೊ ತೆಗೆದುಕೊಂಡು ಹೋದರು.' ನಿನ್ನ ಕೈಬರಹ ಆಗ ದುಂಡಗಿತ್ತು. ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ. ಗೇಟಿನಲ್ಲಿ ಅವರ ಮುಖ ಕಿಟಕಿಯ ಕಡೆಗಿತ್ತು, ಬಿಸಿಲು ಚೆನ್ನಾಗಿತ್ತು. 'ನನಗೆ ಪೂರ್ತಿ ಒಪ್ಪಿಗೆ' ಎಂದು ಅವರ ತುಟಿಯಲ್ಲಿ ಓದಿದ್ದೆ. ಆಮೇಲೆ ನೀನು ಒಳಗೆ ಬಂದು ಈ ಚೀಟಿ ಕೊಟ್ಟೆ. ನಾನೇ ತಪ್ಪು ಓದಿರಬೇಕು ಎಂದುಕೊಂಡೆ.